ಬಿಸ್ಕತ್ತಿನ ಡಬ್ಬದಲ್ಲಿ ಬಜೆಯ ತುಂಡು

ಕಳೆದ ವಾರ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬ ಇಳಿಸಿದೆ. ಇಳಿಸಲೇಬೇಕೆಂದು ಇಳಿಸಿದ್ದಲ್ಲ. ನಾನು ಹುಡುಕುತ್ತಿದ್ದದ್ದು ಕೊಡೆಯ ಕಡ್ಡಿ ಕಟ್ಟುವ ತೆಳು ತಂತಿಯನ್ನು. ನಮ್ಮ ಮನೆಯಲ್ಲಿ ಏನನ್ನಾದರೂ ಹುಡುಕಲು ಹೊರಟರೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಇದು ನನ್ನ ಸಂಸಾರ ನಿರ್ವಹಣೆಯ ವೈಶಿಷ್ಟ್ಯವೆಂದು ನಮ್ಮ ಯಜಮಾನರು ಬಂದ ನೆಂಟರೆದುರು ಹೇಳುವುದುಂಟು. ಅವರು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಮಾತಾಡದ ಪ್ರಾಣಿಗಳ ಜೊತೆ ದಿನವೆಲ್ಲ ಕಳೆದು ಬಂದು, ಸಂಜೆ ನನ್ನ ಮೇಲೆ ಮಾತಿನ ಬಾಕಿ ತೀರಿಸಿಕೊಳ್ಳುತ್ತಾರೆ.

ಡಬ್ಬದೊಳಗೆ ಒಂದು ಕಟ್ಟು ಕಾರ್ಡುಗಳಿದ್ದವು. ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಮಾಡಿದವು. ಒಂದು ಬದಿಯಲ್ಲಿ ಕೆಂಪು ಸ್ಕೆಚ್ ಪೆನ್ನಿನಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರ, ಅದರ ಪಕ್ಕಕ್ಕೆ ನಾನೇ ಬಿಡಿಸಿದ ಚಿತ್ರ. ನನ್ನ ಹಸು ಹಂದಿಯ ಹಾಗಿದೆ, ನನ್ನ ಹಂದಿ ಯಾವ ಪ್ರಾಣಿಯ ಹಾಗೂ ಇಲ್ಲ. ಹಿಂದಕ್ಕೆ ತಿರುಗಿಸಿದರೆ ಯಾರದೋ ಚಿರಂಜೀವಿ ಸೌಭಾಗ್ಯವತಿ, ಯಾರದೋ ಸುಮುಹೂರ್ತ, ಯಾರದೋ ಉಡುಗೊರೆಗಳಿಗಿಂತ ಆಶೀರ್ವಾದವೇ ಮೇಲು. ಕಾರ್ಡುಗಳ ಅಡಿಯಲ್ಲಿ ಕಾಗದದ ಪೊಟ್ಟಣದಲ್ಲಿ ಬಜೆಯ ತುಂಡು. ಬಜೆ ನಿಮಗೆ ಗೊತ್ತಿರಲೇಬೇಕು. ಎಳೆಮಕ್ಕಳಿಗೆ ಮಾತು ಚೆನ್ನಾಗಿ ಬರಲೆಂದು ಸಾಣೆಕಲ್ಲಿನ ಮೇಲೆ ತೇಯ್ದು, ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚುವ ಗಂಟುಗಂಟಾದ ಬೇರು. ಈ ತುಂಡಿನ ಒಂದು ತುದಿ ತೇಯ್ದು ತೇಯ್ದು ಓರೆಯಾಗಿ ಸವೆದಿದೆ. ಇಷ್ಟು ವರ್ಷವಾದರೂ ಆ ಘಾಟು ಹೋಗಿಲ್ಲ.

ನನ್ನ ಮಗಳು ಇಳಾ ಪಕ್ಕದಲ್ಲೇ ಇದ್ದಳು. ಅವಳಿಗೀಗ ಹತ್ತು ವರ್ಷ. ಮೂಗಿನ ಹತ್ತಿರ ಹಿಡಿದು, ಮುಖ ಕಿವುಚಿ, "ಇದೆಂತ ಅಮ್ಮ?" ಎಂದಳು.

"ಬಜೆ. ಮಕ್ಕಳಿಗೆ ಮಾತು ಬರ್ಲಿ ಅಂತ ಹಚ್ತಾರೆ."

ಅವಳು ಸ್ವಲ್ಪ ಹೊತ್ತು ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಕೇಳಿದಳು: "ಹಂಗಾದ್ರೆ ಮಾವಂಗೆ ಯಾಕೆ ಹಚ್ಲಿಲ್ಲ?"

ನಾನು ಕೊಡೆಯ ತಂತಿ ಹುಡುಕುವವಳ ಹಾಗೆ ಡಬ್ಬದೊಳಗೆ ಕೈಯಾಡಿಸಿದೆ. ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಹೇಳುವ ಧೈರ್ಯ ಇರಲಿಲ್ಲ. ನಿಮಗಾದರೂ ಹೇಳೋಣವೆಂದು ಕೂತಿದ್ದೇನೆ.

ಮೊದಲು ಕಾರ್ಡುಗಳ ವಿಷಯ. ಇಳಾ ಮೂರು ದಾಟುತ್ತಿದ್ದಂತೆ ನನಗೆ ಅವಳನ್ನು ಮನೆಯಲ್ಲೇ ಕೂರಿಸಿ ಓದು ಕಲಿಸುವ ಹುಚ್ಚು ಹತ್ತಿತು. ನಾನು ಇಂಗ್ಲಿಷ್ ಕಲಿತ ರೀತಿ ನೆನೆಸಿಕೊಂಡರೆ ನನಗೇ ಅಯ್ಯೋ ಅನ್ನಿಸುತ್ತದೆ. ಇಪ್ಪತ್ತಾರು ಅಕ್ಷರಗಳನ್ನೂ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಆದರೆ ಬಸ್ಸಿನ ಬೋರ್ಡು ಎದುರು ಬಂದರೆ ಕಂಡಕ್ಟರನ್ನೇ ಕೇಳಬೇಕು. ಶಿವಮೊಗ್ಗದ ಪುಸ್ತಕದಂಗಡಿಯೊಂದರಲ್ಲಿ ಸಿಡಿ ಸಮೇತ ಸಿಕ್ಕ ಒಂದು ಫೋನಿಕ್ಸ್ ಪುಸ್ತಕ ನನ್ನ ಕಣ್ಣು ತೆರೆಸಿತು. ಅಕ್ಷರದ ಹೆಸರು ಬೇಡ, ಅದರ ಸದ್ದು ಸಾಕು ಎನ್ನುವುದು ಅದರ ಸಾರ. 'ಬಿ' ಅನ್ನಬಾರದು, 'ಬ್' ಅನ್ನಬೇಕು. ಸಿಡಿಯೊಳಗಿನ ಹೆಂಗಸು ಹಾವಿನ ಹಾಗೆ ಬುಸುಗುಡುತ್ತಿದ್ದಳು, ನೊಣದ ಹಾಗೆ ಗುಂಯ್‌ಗುಡುತ್ತಿದ್ದಳು. ನಾನು ಕನ್ನಡಿಯ ಮುಂದೆ ನಿಂತು ಅವಳ ಹಾಗೆಯೇ ಮಾಡಿ ಅಭ್ಯಾಸ ಮಾಡುತ್ತಿದ್ದೆ. "ಕರು ಅಂಬಾ ಅನ್ನಕ್ಕೆ ಯಾವ ಸಿಡಿ ಕೇಳ್ತದೆ ಮಾರಾಯ್ತಿ?" ಎಂದು ಯಜಮಾನರು ನಕ್ಕರು.

ಪೂರ್ತಿ ಮನೆಯಲ್ಲೇ ಇಟ್ಟುಕೊಂಡರೆ ಮಗು ಜನರನ್ನು ಕಂಡರೆ ಹೆದರೀತೆಂಬ ಭಯವೂ ಇತ್ತು. ಆದ್ದರಿಂದ ಒಂದು ಪದ್ಧತಿ ಮಾಡಿದೆ. ವಾರದ ಮೊದಲ ಮೂರು ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹಿಂದಿನ ನರ್ಸರಿ. ಗುರುವಾರ, ಶುಕ್ರವಾರ ಮನೆಯಲ್ಲಿ ನನ್ನ ಕಾರ್ಡು. ಶನಿವಾರ ಶೃಂಗೇರಿಗೆ ಹಾಡಿನ ಕ್ಲಾಸು. ಇದನ್ನು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ. ಮಂತ್ರಿಗಳ ಪ್ರವಾಸ ಕಾರ್ಯಕ್ರಮದ ಹಾಗಿದೆ ಎಂದರು ಯಜಮಾನರು.

ನರ್ಸರಿಗೂ ನನಗೂ ಮೊದಲ ವಾರವೇ ತಿಕ್ಕಾಟ ಶುರುವಾಯಿತು. ಅಲ್ಲಿ ಮಿಸ್ಸು ಅಕ್ಷರ ತೋರಿಸಿದರೆ ಮಕ್ಕಳೆಲ್ಲ ಸೂರು ಹಾರಿಹೋಗುವ ಹಾಗೆ "ಬಿ ಫಾರ್ ಬಾಲ್" ಎಂದು ಕೂಗಬೇಕು. ನನ್ನ ಮಗಳು ಮಾತ್ರ ತುಟಿ ಬಿಗಿಹಿಡಿದು "ಬ್" ಎಂದು ಸುಮ್ಮನಾಗುತ್ತಿದ್ದಳಂತೆ. "ನಿಮ್ಮ ಮಗು ಜಾಣೆ ಹೌದು, ಆದ್ರೆ ಎಲ್ಲಾನೂ ಅರ್ಧಕ್ಕೇ ನಿಲ್ಲಿಸ್ತಾಳೆ" ಎಂದು ಮಿಸ್ಸು ದೂರಿದರು. ನಾನು ಅವರಿಗೆ ಫೋನಿಕ್ಸಿನ ತತ್ವವನ್ನು ಗೇಟಿನ ಹತ್ತಿರ ನಿಂತು ವಿವರಿಸಿದೆ. ಪಾಪ, ಅವರು ಕೇಳಿಸಿಕೊಂಡರು. ಅವರ ಹಿಂದೆ ಒಂದು ಮಗು ಚಡ್ಡಿ ಒದ್ದೆ ಮಾಡಿಕೊಂಡು ಅಳುತ್ತಿತ್ತು.

ಶೃಂಗೇರಿಯದೇ ಬೇರೆ ಕತೆ. ನಾವಿರುವ ಕೊಪ್ಪದಿಂದ ಜಯಪುರದ ಮೇಲೆ ಹೋಗುವ ಪ್ರೈವೇಟು ಬಸ್ಸಿನಲ್ಲಿ, ತಿರುವಿಗೊಮ್ಮೆ ವಾಂತಿ ಬರುತ್ತದೆನ್ನುವ ಮಗುವಿನ ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು ಹೋಗುವುದು. ಸರಸಮ್ಮ ಟೀಚರ್ ಎಂಬ ವಯಸ್ಸಾದ ವಿಧವೆ ಪೇಟೆಯ ಒಂದು ಕಿರುಮನೆಯಲ್ಲಿ ಮಕ್ಕಳಿಗೆ ದೇವರನಾಮ ಹೇಳಿಕೊಡುತ್ತಿದ್ದರು. ಇಳಾಳ ಅಕ್ಷರಾಭ್ಯಾಸವೂ ಶೃಂಗೇರಿಯಲ್ಲೇ ಆಗಿತ್ತು, ಶಾರದೆಯ ಎದುರು, ತಟ್ಟೆಯ ಅಕ್ಕಿಯ ಮೇಲೆ ಬೆರಳು ಹಿಡಿಸಿ. ಅವತ್ತು ಅವಳ ಬೆರಳು ಹಿಡಿದು ಬರೆಸಿದವನು ನನ್ನ ಅಣ್ಣ ಪ್ರಭಾಕರ. ಅವಳು ಮಾವ ಎನ್ನುವುದು ಅವನನ್ನೇ.

ಅಣ್ಣನ ವಿಷಯಕ್ಕೆ ಬರದೆ ಇಷ್ಟು ಹೊತ್ತು ಸುತ್ತಾಡಿದೆ, ನೋಡಿ. ಅವನಿಗೆ ತೊದಲು. ಸಣ್ಣದಲ್ಲ. ಒಂದು ಮಾತು ಹೊರಗೆ ಬರುವಷ್ಟರಲ್ಲಿ ಕುತ್ತಿಗೆಯ ನರ ಉಬ್ಬಿ, ಕಣ್ಣು ಮುಚ್ಚಿ, ಮುಖ ಕೆಂಪಾಗುತ್ತದೆ. ಅದರಲ್ಲೂ ಅವನ ಹೆಸರೇ ಅವನಿಗೆ ಶತ್ರು. 'ಪ್ರ' ಎಂಬಲ್ಲಿ ಸಿಕ್ಕಿಕೊಂಡರೆ ಕೇಳಿದವರು ಬೇರೆ ಕಡೆ ನೋಡತೊಡಗುತ್ತಾರೆ. ಹೆಸರಿಟ್ಟವರಿಗೆ ಅದು ಗೊತ್ತಿರಲು ಹೇಗೆ ಸಾಧ್ಯ! ಶಾಲೆಯಲ್ಲಿ ಹಾಜರಿ ಕೂಗಿದಾಗ "ಹಾಜರ್ ಸಾರ್" ಎನ್ನಲಿಕ್ಕಾಗದೆ ಕೈ ಎತ್ತಿ ನಿಲ್ಲುತ್ತಿದ್ದ. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದವರಾದರೆ ಆ ದಿನ ಅವನು ಗೈರುಹಾಜರು. ಜ್ವರ ಬಂದರೂ ಶಾಲೆ ತಪ್ಪಿಸದವನು ನಮ್ಮಣ್ಣ. ಅವನಿಗಿಂತ ಎರಡು ಕ್ಲಾಸು ಕೆಳಗಿದ್ದ ನಾನು ಒಂದು ದಿನ ಗೋಡೆಯಾಚೆಯಿಂದ ಅವನ ಪರವಾಗಿ "ಹಾಜರ್ ಸಾರ್" ಎಂದು ಕಿರುಚಿ ಬಸ್ಕಿ ಹೊಡೆದಿದ್ದೇನೆ.

ನಮ್ಮಮ್ಮ ಬೆಳಿಗ್ಗೆ ಎದ್ದ ಕೂಡಲೇ ಬಜೆ ತೇಯುತ್ತಿದ್ದಳು. ಸಾಣೆಕಲ್ಲಿನ ಸದ್ದು ಕೇಳಿದರೆ ಅಣ್ಣ ಹಾಸಿಗೆಯಲ್ಲೇ ನಾಲಿಗೆ ಒಳಗೆಳೆದುಕೊಂಡು ಮಲಗುತ್ತಿದ್ದ. ಎಳೆಗೂಸಿಗೆ ಹಚ್ಚುವ ಮದ್ದನ್ನು ಮೀಸೆ ಮೂಡುವವರೆಗೂ ಅವನ ನಾಲಿಗೆಗೆ ಹಚ್ಚಿದರು. ಜೇನು ಎಷ್ಟು ಹಾಕಿದರೂ ಬಜೆ ಖಾರವೇ. ನಾನು ಆಸೆಪಟ್ಟು ಜೇನಿಗಾಗಿ ನೆಕ್ಕಿ, ನೀರು ಕುಡಿಯುತ್ತ ಬಾವಿಕಟ್ಟೆ ಸುತ್ತಿದ್ದುಂಟು. ನನಗೆ ಇಷ್ಟು ಮಾತು ಬಂದದ್ದು ಅದರಿಂದಲೇ ಎಂದು ಮನೆಯವರ ಅಭಿಪ್ರಾಯ. ನಮ್ಮ ಮನೆಯ ಮಾತೆಲ್ಲ ಒಬ್ಬರಿಗೇ ಸೇರಿಹೋಯಿತಲ್ಲ ಎಂದು ನನಗೆ ಒಂದೊಂದು ಸಲ ದುಃಖವಾಗುತ್ತದೆ.

ಅಣ್ಣ ಓದು ಬಿಟ್ಟು ನರಸಿಂಹರಾಜಪುರದಲ್ಲಿ, ಎಲ್ಲರ ಬಾಯಲ್ಲಿ ಎನ್.ಆರ್. ಪುರ, ಹಿಟ್ಟಿನ ಗಿರಣಿಗೆ ಸೇರಿದ. ಆಮೇಲೆ ಅದನ್ನೇ ವಹಿಸಿಕೊಂಡ. ಈಗಲೂ ಗಿರಣಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಒಂದೆರಡು ಕಡೆ ಹೆಣ್ಣು ನೋಡಲು ಹೋಗಿದ್ದ. ಹೆಣ್ಣಿನ ಕಡೆಯವರು ಉಪಚಾರಕ್ಕೆಂದು ಹೆಸರು ಕೇಳಿದರು, ಅಲ್ಲಿಗೆ ಮುಗಿಯಿತು. ಗಿರಣಿ ಅವನಿಗೆ ಒಗ್ಗಿತು. ಅಲ್ಲಿ ಯಾರೂ ಮಾತಾಡುವುದಿಲ್ಲ. ಆ ಸದ್ದಿನಲ್ಲಿ ಮಾತಾಡಿದರೂ ಕೇಳಿಸದು. ಗಿರಾಕಿಗಳು ಬೆರಳು ಉಜ್ಜಿ ಸಣ್ಣಗೆ ಬೇಕೋ ತರಿಯಾಗಿ ಬೇಕೋ ತೋರಿಸುತ್ತಾರೆ, ಅಣ್ಣ ತಲೆಯಾಡಿಸುತ್ತಾನೆ. ಅಲ್ಲಿ ಎಲ್ಲರೂ ಅವನ ಹಾಗೆಯೇ.

ಒಂದು ದಿನ, ನನಗಿನ್ನೂ ಮದುವೆಯಾಗಿರಲಿಲ್ಲ, ಬುತ್ತಿ ಕೊಡಲು ಹೋದಾಗ ಒಂದು ವಿಚಿತ್ರ ನೋಡಿದೆ. ಗಿರಣಿ ಭರ್ರೆಂದು ಓಡುತ್ತಿತ್ತು. ಅಣ್ಣ ಒಬ್ಬನೇ ನಿಂತಿದ್ದ. ಅವನ ತುಟಿಗಳು ಆಡುತ್ತಿದ್ದವು. ಕಣ್ಣು ಮುಚ್ಚಿರಲಿಲ್ಲ, ಕುತ್ತಿಗೆಯ ನರ ಉಬ್ಬಿರಲಿಲ್ಲ. ಹತ್ತಿರ ಹೋಗಿ ಕಿವಿ ಒಡ್ಡಿದೆ. ಅಣ್ಣ ನಿರರ್ಗಳವಾಗಿ ಮಾತಾಡುತ್ತಿದ್ದ! ಬೆಲ್ಟು ಸಡಿಲವಾದದ್ದು, ಹಿಂದಿನ ರಾತ್ರಿ ನಿದ್ದೆ ಬಾರದ್ದು, ಬಾಳೆಹೊನ್ನೂರಿಂದ ಬಂದ ಗಿರಾಕಿಯೊಬ್ಬರು ಗೋಧಿಗೆ ಕಲ್ಲು ಬೆರೆಸಿ ತಂದದ್ದು, ಎಲ್ಲ. ಒಂದು ಅಕ್ಷರ ಎಡವಲಿಲ್ಲ. ನನ್ನನ್ನು ಕಂಡು ಮೋಟಾರು ನಿಲ್ಲಿಸಿದ. "ಯಾರ ಹತ್ರ ಮಾತಾಡ್ತಿದ್ದೆ ಅಣ್ಣ?" ಎಂದೆ. "ಗಿ-ಗಿ-ಗಿರಣಿ ಹತ್ರ" ಎಂದು ನಾಚಿದ. ತನ್ನ ದನಿ ತನಗೇ ಕೇಳಿಸದ ಜಾಗದಲ್ಲಿ ಕೆಲವರಿಗೆ ತೊದಲು ಬರುವುದಿಲ್ಲವೆಂದು ಆಮೇಲೆ ಡಾಕ್ಟರೊಬ್ಬರು ಹೇಳಿದರು. ಇಂಥ ನ್ಯಾಯ ಯಾರು ಮಾಡಿದರೋ! ಮಾತು ಬರುವ ಜಾಗದಲ್ಲಿ ಕೇಳುವವರಿಲ್ಲ, ಕೇಳುವವರಿರುವ ಕಡೆ ಮಾತು ಬಾರದು.

ಆದ್ದರಿಂದ ನನಗೆ ಮಗಳು ಹುಟ್ಟಿದಾಗ ಹೆಸರಿನ ಬಗ್ಗೆ ನಾನು ಹಟ ಹಿಡಿದೆ. ಜೋಯಿಸರು ಕೊಟ್ಟ ಅಕ್ಷರಕ್ಕೆ ಪದ್ಮಾವತಿ ಎಂದು ಜಾತಕದಲ್ಲಿ ಬರೆಸಿಕೊಂಡರು, ಬರೆಸಿಕೊಳ್ಳಲಿ. ಕರೆಯುವ ಹೆಸರು ಮಾತ್ರ ಅಣ್ಣನ ನಾಲಿಗೆಗೆ ಹಗುರಾಗಿರಬೇಕು. ಬಾಣಂತಿ ಕೋಣೆಯ ಬಾಗಿಲಲ್ಲಿ ಅವನನ್ನು ನಿಲ್ಲಿಸಿ ಒಂದೊಂದೇ ಹೆಸರು ಹೇಳಿಸಿ ನೋಡಿದೆ. ಕಾವ್ಯದಲ್ಲಿ ನಿಂತ, ಪೂರ್ಣಿಮೆಯಲ್ಲಿ ಬೆವೆತ, ಮೇಘನಾಳನ್ನು ಅರ್ಧಕ್ಕೇ ಕೈಬಿಟ್ಟ. "ಇಳಾ" ಎಂದದ್ದು ನೀರು ಹರಿದ ಹಾಗೆ ಬಂತು. ಅವನಿಗೇ ನಂಬಿಕೆ ಬರದೆ ಮತ್ತೆ ಹೇಳಿದ, ತೊಟ್ಟಿಲ ಮೇಲೆ ಬಗ್ಗಿ ಮತ್ತೆ ಮತ್ತೆ ಹೇಳಿದ. ಹೆಸರಿನ ಅರ್ಥವೇನೆಂದು ಕೇಳಿದವರಿಗೆ ಭೂಮಿ ಎನ್ನುತ್ತೇನೆ. ನಿಜವಾದ ಅರ್ಥ ಅದಲ್ಲ.

ಫೋನಿಕ್ಸ್ ಶುರುವಾದ ಮೇಲೆ ಅಣ್ಣ ಪ್ರತಿ ಆದಿತ್ಯವಾರ ಮೊದಲ ಬಸ್ಸಿಗೇ ಕೊಪ್ಪಕ್ಕೆ ಬರತೊಡಗಿದ. ನನ್ನ ಪ್ರವಾಸ ಕಾರ್ಯಕ್ರಮದಲ್ಲಿ ಆದಿತ್ಯವಾರಕ್ಕೆ ಪಾಠ ಇರಲಿಲ್ಲ. ಇಳಾ ತಾನಾಗಿ ಡಬ್ಬ ತೆಗೆದು, ಮಾವನನ್ನು ಚಾಪೆಯ ಮೇಲೆ ಕೂರಿಸಿಕೊಂಡು, ಕಾರ್ಡು ತೋರಿಸಿ ಪರೀಕ್ಷೆ ಮಾಡುತ್ತಿದ್ದಳು. "ಬ್-ಬ್-ಬ್-ಬ್ಯಾಟ್" ಎನ್ನುತ್ತಿದ್ದ ಅವನು. "ಸರಿ!" ಎಂದು ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಯೋಚಿಸಿ ನೋಡಿ. ಹುಟ್ಟಿದಂದಿನಿಂದ ಯಾವುದಕ್ಕೆ ಜನ ನಕ್ಕರೋ ಅದೇ ಇಲ್ಲಿ ಸರಿಯುತ್ತರ. ಸದ್ದನ್ನು ಬಿಡಿಸಿ ಬಿಡಿಸಿ ಹೇಳುವುದೇ ಪಾಠ, ಮತ್ತು ನನ್ನ ಶಾಲೆಯಲ್ಲಿ ಅವನಿಗಿಂತ ಒಳ್ಳೆಯ ವಿದ್ಯಾರ್ಥಿ ಇರಲಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆಯ ಸೌಟು ಹಿಡಿದು ನಾನು ಅವನ ನಗು ಕೇಳಿಸಿಕೊಳ್ಳುತ್ತಿದ್ದೆ. ಅಣ್ಣ ದನಿ ತೆಗೆದು ನಗುವುದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಮಗಳಿಗೆ ನಾಲ್ಕು ತುಂಬಿ ಸ್ವಲ್ಪ ದಿನವಾಗಿತ್ತು. ಒಂದು ಬೆಳಿಗ್ಗೆ ಇಳಾ ಹಾಲಿನ ಲೋಟ ಹಿಡಿದು "ಅ-ಅ-ಅ-ಅಮ್ಮ" ಎಂದಳು. ಆಟವೆಂದುಕೊಂಡೆ. ಮಧ್ಯಾಹ್ನ "ನಂ-ನಂ-ನಂಗೆ" ಎಂದಳು. ಮರುದಿನ ಒಂದು ಮಾತಿನಲ್ಲಿ ಸಿಕ್ಕಿಕೊಂಡು, ಕಣ್ಣು ಮುಚ್ಚಿ, ಪುಟ್ಟ ಕುತ್ತಿಗೆ ಬಿಗಿದು ನಿಂತಳು. ಆ ಮುಖ ನಾನು ಬಾಲ್ಯವೆಲ್ಲ ನೋಡಿದ ಮುಖ.

ನರ್ಸರಿಯಿಂದ ಹೇಳಿ ಕಳಿಸಿದರು. ಮಕ್ಕಳು ಅಣಕಿಸಲು ಶುರುಮಾಡಿದ್ದವು. ಮಿಸ್ಸು ಒಳ್ಳೆಯವರು, "ಸ್ವಲ್ಪ ದಿನ ಮನೇಲೇ ಇಟ್ಕೊಳಿ" ಎಂದರು. ನರ್ಸರಿ ಬಿಡಿಸಿದೆ. ಕಾರ್ಡುಗಳನ್ನು ಡಬ್ಬಕ್ಕೆ ಹಾಕಿ ಮೇಲಿಟ್ಟೆ. ಅಡುಗೆಮನೆಯ ಬಾಗಿಲಿನ ಪಟ್ಟಿಯಲ್ಲಿ ಶನಿವಾರ ಒಂದೇ ಉಳಿಯಿತು. ಶೃಂಗೇರಿಯಲ್ಲಿ ಅವಳು ಎಡವುತ್ತಿರಲಿಲ್ಲ. ಹಾಡಿನಲ್ಲಿ ಮಾತು ತಡೆಯುವುದಿಲ್ಲವಂತೆ. ಸರಸಮ್ಮ ಟೀಚರ್ ತಾಳ ನಿಲ್ಲಿಸಿ, "ಮಾತಾಡಕ್ಕೆ ಕಷ್ಟ ಆದ್ರೆ ಹಾಡ್ಲಿ ಬಿಡಿ, ಎಂತ ಗಂಟು ಹೋಗ್ತದೆ?" ಎಂದರು. ಮನೆಗೆ ಬಂದ ಇಳಾ ನೀರನ್ನು ರಾಗವಾಗಿ ಕೇಳಿದಳು, ಸಾರಿಗೆ ಉಪ್ಪು ಕಡಿಮೆಯೆಂದು ರಾಗವಾಗಿ ಹೇಳಿದಳು. ಯಜಮಾನರೂ ಬೇಕೆಂದೇ ರಾಗವಾಗಿ ಉತ್ತರಿಸಿದರು. ಮನೆ ಯಕ್ಷಗಾನದ ರಂಗಸ್ಥಳವಾಯಿತು. ನಾವು ನಗುತ್ತಿದ್ದೆವು, ನಕ್ಕು ಮುಗಿದ ಕೂಡಲೇ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಮ್ಮ ಅಣ್ಣನಿಗೆ ಹಾಡು ಕಲಿಸಬಹುದೆಂದು ಯಾರಿಗೂ ಯಾಕೆ ಹೊಳೆಯಲಿಲ್ಲವೋ. ಭಜನೆಗೆ ಹೆಣ್ಣುಮಕ್ಕಳನ್ನಷ್ಟೇ ಕಳಿಸುತ್ತಿದ್ದರು.

ಆ ಆದಿತ್ಯವಾರ ನಮ್ಮತ್ತೆಯವರು ಮನೆಯಲ್ಲಿದ್ದರು. ಅವರು ಕೆಟ್ಟವರಲ್ಲ. ಮೊಮ್ಮಗಳ ಮೇಲೆ ಜೀವ. ಜಗಲಿಯಲ್ಲಿ ಬತ್ತಿ ಹೊಸೆಯುತ್ತ, ತಮ್ಮಷ್ಟಕ್ಕೆ ಎನ್ನುವ ಹಾಗೆ ಹೇಳಿದರು: "ಮಕ್ಕಳಿಗೆ ಎಂತ ಗೊತ್ತು? ಕೇಳಿದ್ದನ್ನೇ ಹೇಳ್ತಾವೆ. ಆದಿತ್ಯವಾರ ಪೂರ್ತಿ ಅವನ ಬಾಯನ್ನೇ ನೋಡ್ತಾ ಕೂತ್ರೆ ಮತ್ತೆಂತ ಆಗ್ತದೆ?"

ಅಣ್ಣ ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದ. ಅರ್ಧ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ. ಕೈಯಲ್ಲಿದ್ದ ಮಂಡಕ್ಕಿಯ ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದ. ನಾನು ಕೂಗಿಕೊಂಡು ರಸ್ತೆಯವರೆಗೆ ಓಡಿದೆ. ಅವನು ತಿರುಗಲಿಲ್ಲ.

ಆಮೇಲಿನ ವಾರ ಬಂದ. ಇಳಾ ನಿದ್ದೆ ಮಾಡುವ ಹೊತ್ತು ನೋಡಿಯೇ ಬಂದಿದ್ದ. ಜೇಬಿನಿಂದ ಪೊಟ್ಟಣ ತೆಗೆದು ನನ್ನ ಕೈಗಿಟ್ಟ. ಬಜೆಯ ತುಂಡು, ನಮ್ಮಮ್ಮ ತೇಯುತ್ತಿದ್ದದ್ದೇ. ಅಮ್ಮ ಹೋದ ಮೇಲೆ ಅವಳ ಸಾಮಾನಿನಲ್ಲಿ ಸಿಕ್ಕಿದ್ದನ್ನು ಇಟ್ಟುಕೊಂಡಿದ್ದನಂತೆ.

"ಇದು ನಿಂಗೇ ಹತ್ತಿಲ್ಲ, ಇವಳಿಗೆ ಹತ್ತುತ್ತದಾ?" ಎಂದೆ. ಸಿಟ್ಟಲ್ಲ, ಅಳು ಬಂದಿತ್ತು.

"ನ-ನಂಗೆ ತ-ತಡ ಮಾಡಿದ್ರು. ಇವಳಿಗೆ ಬೇ-ಬೇಗ ಹಚ್ಚು."

ಇಳಾ ಎದ್ದು ಕಣ್ಣುಜ್ಜುತ್ತ ಬಂದಳು. ಮಾವನನ್ನು ಕಂಡು ಕುಣಿದಳು, ಕಾರ್ಡಿನ ಡಬ್ಬಕ್ಕಾಗಿ ಅಟ್ಟದ ಕಡೆ ಕೈ ತೋರಿಸಿದಳು. ಅಣ್ಣ ನಕ್ಕ. ಬಾಯಿ ಬಿಡಲಿಲ್ಲ. ಅವಳು ಏನು ಕೇಳಿದರೂ ತಲೆಯಾಡಿಸಿದ, ಕೈ ತಿರುಗಿಸಿದ, ಬೆನ್ನ ಮೇಲೆ ಹೊತ್ತು ಆಡಿಸಿದ. ಹೋಗುವಾಗಲೂ ಕೈ ಬೀಸಿದ, ಅಷ್ಟೆ. ಅವತ್ತಿನಿಂದ ಅವಳೆದುರು ಅವನು ಒಂದು ಮಾತೂ ಆಡಿಲ್ಲ.

ನಾವು ಮಗುವನ್ನು ಶಿವಮೊಗ್ಗದ ಡಾಕ್ಟರಿಗೆ ತೋರಿಸಿದೆವು. ಈ ವಯಸ್ಸಿನಲ್ಲಿ ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ, ಬೈಯಬೇಡಿ, ತಿದ್ದಬೇಡಿ, ಬಹಳ ಮಕ್ಕಳಿಗೆ ತಾನಾಗಿ ಹೋಗುತ್ತದೆ ಎಂದರು. ನೋಡಿ ಕಲಿಯುವುದಲ್ಲ, ಅಂಟುವುದಲ್ಲ, ಪಾಠದಿಂದ ಬರುವುದೂ ಅಲ್ಲ ಎಂದರು. ನನಗೆ ಮರುದಿನದವರೆಗೆ ಕಾಯಲಾಗಲಿಲ್ಲ. ಯಜಮಾನರನ್ನೂ ಮಗುವನ್ನೂ ಕೊಪ್ಪದ ಬಸ್ಸಿನಲ್ಲಿ ಬಿಟ್ಟು, ನಾನು ಎನ್.ಆರ್. ಪುರದಲ್ಲಿಳಿದು ಗಿರಣಿಗೆ ಓಡಿದೆ. ಅಣ್ಣ ಮೋಟಾರು ನಿಲ್ಲಿಸಿ ಎಲ್ಲ ಕೇಳಿಸಿಕೊಂಡ.

"ಅಂ-ಅಂಟಿದ್ದಲ್ಲ?"

"ಅಲ್ವಂತೆ ಅಣ್ಣ. ಖಂಡಿತ ಅಲ್ವಂತೆ."

"ಮ-ಮತ್ತೆ ಎ-ಎಲ್ಲಿಂದ ಬಂತು?"

ನನಗೆ ಸುಳ್ಳು ಹೇಳಲು ಸಮಯ ಸಿಗಲಿಲ್ಲ. "ಕೆಲವು ಮನೆತನದಲ್ಲಿ ಇರ್ತದಂತೆ" ಎಂದೆ.

ಅವನು ತಲೆಯಾಡಿಸಿದ. ಅದನ್ನೇ ನಿರೀಕ್ಷಿಸಿದ್ದ ಎನ್ನುವ ಹಾಗೆ. ಹೇಗೆ ಬಂದರೂ ಅವನ ಕಡೆಯಿಂದಲೇ ಬಂದ ಹಾಗಾಯಿತು. "ಹೋ-ಹೋಗ್ಲಿ. ಅವಳಿಗೆ ಪೂ-ಪೂರ್ತಿ ಹೋಗ್ಲಿ. ಆ-ಆಮೇಲೆ ಮಾತಾಡ್ತೀನಿ" ಎಂದು ಸ್ವಿಚ್ಚು ಹಾಕಿದ. ಗಿರಣಿಯ ಸದ್ದಿನಲ್ಲಿ ನಾನು ಹೇಳಿದ್ದು ಅವನಿಗೆ ಕೇಳಿಸಲಿಲ್ಲ, ಅವನು ಹೇಳಿದ್ದು ನನಗೆ ಕೇಳಿಸಲಿಲ್ಲ.

ಇಳಾಳ ತೊದಲು ಹೋಯಿತು. ಬಂದ ಹಾಗೆಯೇ, ಹೇಳದೆ ಕೇಳದೆ. ಒಂದನೇ ಕ್ಲಾಸಿಗೆ ಸೇರಿಸುವ ಹೊತ್ತಿಗೆ ಅವಳ ಮಾತಿಗೆ ಅಣೆಕಟ್ಟು ಬೇಕಾಗಿತ್ತು. ತಾವು ತೇಯ್ದು ಹಚ್ಚಿದ ಬಜೆಯಿಂದ ಎಂದರು ನಮ್ಮತ್ತೆ. ಶಾರದೆಯ ಕೃಪೆ ಎಂದರು ಸರಸಮ್ಮ ಟೀಚರ್. ಆ ಕಾರ್ಡು ಅಟ್ಟ ಸೇರಿದ್ದರಿಂದ ಎಂದರು ಯಜಮಾನರು. ನಾನು ಯಾರೊಡನೆಯೂ ವಾದ ಮಾಡಲಿಲ್ಲ. ಸಕ್ಕರೆ ಹಂಚಲು ಮೊದಲು ಗಿರಣಿಗೇ ಹೋದೆ.

"ಹೋಯ್ತು ಅಣ್ಣ. ಇನ್ನು ಮಾತಾಡು ಅವಳ ಹತ್ರ."

ಸಕ್ಕರೆ ಬಾಯಿಗೆ ಹಾಕಿಕೊಂಡ. ಅವನ ಕಣ್ಣಲ್ಲಿ ನೀರು ತುಂಬಿತ್ತು. "ಇನ್ನೊಂದು ವ-ವರ್ಷ ನೋಡಾಣ" ಎಂದ.

ಮುಂದಿನ ವರ್ಷವೂ ಇನ್ನೊಂದು ವರ್ಷ ಎಂದ. ಅದರ ಮುಂದಿನ ವರ್ಷವೂ. ನಾನು ಜಗಳವಾಡಿದೆ, ಅತ್ತು ನೋಡಿದೆ, ಆಣೆ ಹಾಕಿದೆ. ನಮ್ಮತ್ತೆಯವರೇ ಖುದ್ದಾಗಿ, "ನಾನು ಏನೋ ಅಂದೆ, ಅದನ್ನ ಹಿಡ್ಕೊಂಡು ಕೂರ್ತಾರಾ ಮಾರಾಯ?" ಎಂದು ಬೇಡಿಕೊಂಡರು. ಅವನಿಗೆ ಸಿಟ್ಟಿರಲಿಲ್ಲ. ಭಯ. ಬಾಯಿ ಬಿಟ್ಟರೆ ಮಗುವಿನ ಮಾತು ಮತ್ತೆ ಎಲ್ಲಿ ಮುರಿಯುತ್ತದೋ ಎಂಬ ಭಯ. ಅದರೆದುರು ಶಿವಮೊಗ್ಗದ ಡಾಕ್ಟರಾಗಲಿ ನಾನಾಗಲಿ ಏನು ಮಾಡುವ ಹಾಗಿತ್ತು?

ಇಳಾಳಿಗೆ ಆ ಆದಿತ್ಯವಾರಗಳು ಮರೆತುಹೋದವು. ಕಾರ್ಡು ಮರೆತುಹೋಯಿತು, ತನ್ನ ತೊದಲೂ ಮರೆತುಹೋಯಿತು. ಮಾವ ಎಂದರೆ ಮಂಡಕ್ಕಿ ತರುವ, ಬೆನ್ನ ಮೇಲೆ ಹೊರುವ, ಸದಾ ನಗುವ ಮೂಕ ಮನುಷ್ಯ. ಎರಡನೇ ಕ್ಲಾಸಿನಲ್ಲಿರುವಾಗ, "ಮಾವಂಗೆ ಹುಟ್ಟಿನಿಂದ್ಲೇ ಮಾತು ಬರಲ್ವಾ?" ಎಂದು ಕೇಳಿದಳು. "ಬರ್ತದೆ ಪುಟ್ಟಿ, ಸ್ವಲ್ಪ ತೊದಲು ಅಷ್ಟೆ" ಎಂದೆ. ಅವನು ಬಂದಾಗ ಎದುರು ನಿಂತು, "ಮಾವ, ಎಂತಾದ್ರೂ ಮಾತಾಡು ನೋಡಾಣ" ಎಂದಳು. ಅವನು ನಕ್ಕು ತಲೆಯಲ್ಲಾಡಿಸಿದ. ಅಲ್ಲಿಗೆ, ಅಮ್ಮ ತನ್ನ ಸಮಾಧಾನಕ್ಕೆ ಹೇಳಿದ್ದಾಳೆಂದು ಅವಳು ತೀರ್ಮಾನಿಸಿದಳು. ಆಮೇಲೆ ಅವನೊಡನೆ ಕೈಸನ್ನೆಯಲ್ಲಿ ಮಾತಾಡಲು ತಾನೇ ಒಂದು ಭಾಷೆ ಕಟ್ಟಿಕೊಂಡಳು. ಒಳ್ಳೆಯ ಹುಡುಗಿ. ಅದನ್ನು ನೋಡಿದಾಗಲೆಲ್ಲ ನಾನು ಒಳಗೆ ಹೋಗಿ ಪಾತ್ರೆ ತೊಳೆಯುತ್ತೇನೆ.

ಈಗ ಡಬ್ಬ ಇಳಿಸಿದ ವಿಷಯಕ್ಕೆ ಮರಳುತ್ತೇನೆ. ನಾನು ಡಬ್ಬದೊಳಗೆ ಕೈಯಾಡಿಸುತ್ತಿದ್ದಾಗ ಇಳಾ ಬಜೆಯ ತುಂಡನ್ನು ತನ್ನ ಫ್ರಾಕಿನ ಜೇಬಿಗೆ ಹಾಕಿಕೊಂಡಳು. ಮೊನ್ನೆ ಆದಿತ್ಯವಾರ ಗೋಧಿ ಬೀಸಿಸಲು ಎನ್.ಆರ್. ಪುರಕ್ಕೆ ಹೋಗುವಾಗ ತಾನೂ ಬರುತ್ತೇನೆಂದಳು. ಕೊಪ್ಪದಲ್ಲಿ ಗಿರಣಿ ಇಲ್ಲವೆಂದಲ್ಲ, ನಾನು ಗೋಧಿ ಚೀಲ ಹೊತ್ತು ಬಸ್ಸು ಹತ್ತುವುದು ಬೀಸಿಸಲಿಕ್ಕಷ್ಟೇ ಅಲ್ಲ.

ಗಿರಣಿ ಓಡುತ್ತಿತ್ತು. ಬೇರೆ ಗಿರಾಕಿಗಳಿರಲಿಲ್ಲ. ಅಣ್ಣನ ಹುಬ್ಬು, ಮೀಸೆ, ಕಿವಿಯ ಕೂದಲೆಲ್ಲ ಹಿಟ್ಟು. ಇಳಾ ಅವನ ಎದುರು ನಿಂತು ಜೇಬಿನಿಂದ ಬಜೆ ತೆಗೆದಳು. ಅಂಗೈ ಮೇಲೆ ತೇಯ್ದು ತೋರಿಸಿದಳು. ಜೇನುಹುಳದ ಹಾಗೆ ಬೆರಳು ಹಾರಿಸಿ ಜೇನು ಎಂದಳು. ತನ್ನ ನಾಲಿಗೆ ಚಾಚಿ ಹಚ್ಚಿಕೊಂಡಂತೆ ಮಾಡಿದಳು. ಆಮೇಲೆ ಬಾಯಿಯಿಂದ ಹೂವು ಬಿರಿದ ಹಾಗೆ ಬೆರಳುಗಳನ್ನು ಅರಳಿಸಿ, ಮಾತು ಬರುತ್ತದೆ ಎಂದು ಕಣ್ಣಲ್ಲೇ ಭರವಸೆ ಕೊಟ್ಟು, ತುಂಡನ್ನು ಅವನ ಕೈಯಲ್ಲಿಟ್ಟಳು.

ಅಣ್ಣ ಆ ಸವೆದ ತುದಿಯನ್ನು ಹೆಬ್ಬೆರಳಿನಲ್ಲಿ ಸವರಿದ. ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಅವನು ಅವಳಿಗೆ ತಲೆಬಾಗಿ ಆಗಲಿ ಎಂದು ಸನ್ನೆ ಮಾಡಿ, ಅದನ್ನು ಅಂಗಿಯ ಎದೆಜೇಬಿಗೆ ಹಾಕಿಕೊಂಡ.

ಇಳಾ ಸಂತೋಷದಿಂದ ಅತ್ತ ತಿರುಗಿ, ಹಿಟ್ಟು ಬೀಳುವ ಕಡೆ ಕೈ ಒಡ್ಡಿ ಅದರ ಬಿಸಿ ನೋಡುತ್ತ ನಿಂತಳು. ಅಣ್ಣ ಅವಳ ಹಿಂದೆ ನಿಂತ. ಅವನ ತುಟಿಗಳು ಆಡತೊಡಗಿದವು. ಕುತ್ತಿಗೆ ಬಿಗಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಅವಳ ಜಡೆಯನ್ನೇ ನೋಡುತ್ತ ಮಾತಾಡುತ್ತಲೇ ಇದ್ದ, ಬಹಳ ದಿನದ ಮೇಲೆ ಊರಿಂದ ಬಂದವರ ಹತ್ತಿರ ಮಾತಾಡುವ ಹಾಗೆ. ಅವನು ಇದನ್ನು ಮೊದಲ ಸಲ ಮಾಡುತ್ತಿಲ್ಲವೆಂದು ನನಗೆ ಆಗ ತಿಳಿಯಿತು. ಅವಳು ಗಿರಣಿಗೆ ಬಂದಾಗಲೆಲ್ಲ ಮಾಡಿದ್ದಾನೆ.

ಆಗ ಕರೆಂಟು ಹೋಯಿತು.

ಬೆಲ್ಟು ಸುತ್ತುತ್ತ ಸುತ್ತುತ್ತ ಸೋತಿತು. ಸದ್ದು ಇಳಿಯಿತು. ಇಳಿದದ್ದು ಅವನಿಗೆ ತಕ್ಷಣ ತಿಳಿಯಲಿಲ್ಲ. ಆ ಮೌನದಲ್ಲಿ, ಒಂದು ಚೂರೂ ಅಡ್ಡಿಯಿಲ್ಲದೆ, ಅವನ ದನಿ ಕೇಳಿಸಿತು: "ಇಳಾ, ಎಷ್ಟು ಉದ್ದ ಆಗಿದ್ದಿ ನೀನು."

ಅಣ್ಣ ಬಾಯಿ ಮುಚ್ಚಿಕೊಂಡ.

ಇಳಾ ಥಟ್ಟನೆ ತಿರುಗಿದಳು. "ಯಾರೋ ನನ್ನ ಹೆಸರು ಕರೆದ್ರು" ಎಂದಳು. ನನ್ನನ್ನು ನೋಡಿದಳು. ಮಾವನನ್ನು ನೋಡಿದಳು, ಅವನನ್ನು ದಾಟಿ ಬಾಗಿಲ ಕಡೆ ನೋಡಿದಳು. ಓಡಿ ಹೋಗಿ ರಸ್ತೆಗೆ ಇಣುಕಿದಳು. ನಾನು ಹೇಳಲು ಬಾಯಿ ತೆರೆದೆ. ಅಣ್ಣ ಎದೆಜೇಬಿನ ಮೇಲೆ ಕೈಯಿಟ್ಟುಕೊಂಡು, ಬೇಡ, ಬೇಡ ಎಂದು ತಲೆಯಲ್ಲಾಡಿಸಿದ. ಬಿಳಿ ಹಿಟ್ಟಿನ ಮುಖದಲ್ಲಿ ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು.

"ಯಾರೂ ಇಲ್ಲ ಅಮ್ಮ" ಎನ್ನುತ್ತ ಇಳಾ ಒಳಗೆ ಬಂದಳು.

ಅಷ್ಟರಲ್ಲಿ ಕರೆಂಟು ಬಂತು. ಅಣ್ಣ ಸ್ವಿಚ್ಚು ಹಾಕಿ, ಉಳಿದ ಗೋಧಿ ಸುರಿದು, ಅವಳ ಹಿಂದೆ ಹೋಗಿ ನಿಂತ.